ಹೆಡ್‌ಫೋನ್ ಹಾಕ್ಕಂಡು ಎಲ್‌ಪಿ ಕೇಳೋದು: ಮೂರು ಮಳೆಗಾಲ ಆದ್ಮೇಲೆ

ಮೊದ್ಲೇ ಹೇಳ್ಬಿಡ್ತೀನಿ, ನಾನು ಹೆಡ್‌ಫೋನ್ ತಗಂಡಿದ್ದು ಶೋಕಿಗಲ್ಲ, ಮಳೆ ಕಾಟಕ್ಕೆ. ನಮ್ಮನೆ ಇರೋದು ಚಿಕ್ಕಮಗಳೂರು ಬಸವನಹಳ್ಳಿ ಕಡೆ, ಮುಂದೆ ಹಳೇ ಹೆಂಚು, ಹಿಂದಿನ ಅರ್ಧಕ್ಕೆ ಶೀಟು, ನಾನು ಎಲ್‌ಪಿ (ದೊಡ್ಡ ಗ್ರಾಮಫೋನ್ ರೆಕಾರ್ಡು) ನುಡಿಸೋ ಟರ್ನ್‌ಟೇಬಲ್ ಇಟ್ಟಿರೋ ರೂಮು ಸರಿಯಾಗಿ ಆ ಶೀಟಿನ ಕೆಳಗೇ. ಜೂನ್ ಶುರುವಾಯ್ತು ಅಂದ್ರೆ ಸ್ಪೀಕರ್ ಎಷ್ಟು ಜೋರು ಇಟ್ರೂ ಮಳೆನೇ ಗೆಲ್ಲೋದು. ಇನ್ನೂ ಸ್ವಲ್ಪ ಏರಿಸಿದ್ರೆ ಪಕ್ಕದ ರೂಮಲ್ಲಿ ಮಗಳು ಓದ್ತಿರ್ತಾಳೆ, ಆ ವರ್ಷ ಎಸ್ಸೆಸ್ಸೆಲ್ಸಿ ಬೇರೆ, ನಮ್ಮನೆಯವಳು ಬಂದು ಬಾಗಿಲಲ್ಲಿ ನಿಂತು ಸುಮ್ನೆ ನೋಡೋಳು. ಬಾಯಿಬಿಟ್ಟು ಬೈದಿದ್ರೇ ವಾಸಿಯಿತ್ತು.

ಟರ್ನ್‌ಟೇಬಲ್ ಹತ್ತು ಹದಿನೈದು ಸಾವಿರದ ರೇಂಜಿನ ಬೆಲ್ಟ್ ಡ್ರೈವು (ಮೋಟಾರು ಬೆಲ್ಟಿಂದ ತಟ್ಟೆ ತಿರುಗಿಸೋದು), ಎಲ್ರೂ ಮೊದಲು ತಗಳೋ ಅಂಥದ್ದೇ. ಹೆಡ್‌ಫೋನ್ ವಿಷಯದಲ್ಲಿ ಮಾತ್ರ ಎಡವಿದೆ. ಆನ್‌ಲೈನಲ್ಲಿ ಯಾರನ್ನ ಕೇಳಿದ್ರೂ ಓಪನ್-ಬ್ಯಾಕ್ ತಗಳಿ, ಸಂಗೀತ ಕಛೇರಿಲಿ ಕುಂತು ಕೇಳ್ದಂಗೆ ಇರುತ್ತೆ ಅಂದ್ರು. ತಗಂಡೆ. ಹಿಂದೆಲ್ಲ ಜಾಲರಿ ಅಲ್ವಾ ಅದಕ್ಕೆ, ಹಾಡಿನ ಜೊತೆ ನಮ್ಮ ಶೀಟಿನ ಮಳೆನೂ ಒಳಗೆ ಬಂದು ಕುಂತ್ಕಂತು. ಅದನ್ನ ಬೆಂಗಳೂರಲ್ಲಿರೋ ತಮ್ಮನಿಗೆ ದಾಟಿಸಿ ನಾಲ್ಕು ಸಾವಿರದ ಕ್ಲೋಸ್ಡ್ ತಗಂಡೆ. ಕಿವಿ ಪೂರ್ತಿ ಮುಚ್ಚುತ್ತೆ. ಬೇರೆ ಊರಲ್ಲಾದ್ರೆ ಬೆವರುತ್ತೆ ಅಂತ ಗೊಣಗ್ತಾರೆ, ಇಲ್ಲಿ ಜನವರಿ ರಾತ್ರಿ ಮಫ್ಲರ್ ಖರ್ಚು ಉಳೀತು.

ಮೊದಲನೇ ವರ್ಷ ಮಾತ್ರ ನಿಜವಾಗ್ಲೂ ಬೇಜಾರು ಹಿಡಿಸ್ತು. ಮೂಡಿಗೆರೆ ಮನೆ ಅಟ್ಟದಲ್ಲಿ ತಾತನ ಟ್ರಂಕು ಇತ್ತು, ಅದರಲ್ಲಿ ನಲವತ್ತು ಚಿಲ್ಲರೆ ರೆಕಾರ್ಡು. ತಾತ ಪ್ಲೇಟು ಅಂತಿದ್ರು. ಎಲ್‌ಪಿ ಕಮ್ಮಿ, ಜಾಸ್ತಿ ಸಣ್ಣ ಸೈಜಿನ 45 ಆರ್‌ಪಿಎಂ (ನಿಮಿಷಕ್ಕೆ 45 ಸುತ್ತು) ಇಪಿಗಳು, ಒಂದರಲ್ಲಿ ನಾಲ್ಕು ಸಿನಿಮಾ ಹಾಡು. ಎಲ್ಲಕ್ಕೂ ಬೂಷ್ಟು. ಬ್ಯಾಟರಿ ಅಂಗಡಿಯಿಂದ ಡಿಸ್ಟಿಲ್ಡ್ ವಾಟರ್ ತಂದು, ಒಂದು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಗೆರೆ ಹೋದ ಕಡೆಗೇ ಬಟ್ಟೆ ಆಡಿಸಿ ಒರೆಸಿದೆ. (78 ಸುತ್ತಿನ ಹಳೇ ಪ್ಲೇಟು ಇದ್ರೆ ಸ್ಪಿರಿಟ್ ಗಿರಿಟ್ ಮುಟ್ಟಿಸ್ಬೇಡಿ, ಅದು ಅರಗಿನದ್ದು, ಕರಗುತ್ತೆ. ಎಲ್‌ಪಿ ಸೂಜಿಲಿ ಅದನ್ನ ನುಡಿಸೋಕೂ ಹೋಗ್ಬೇಡಿ, ಅದರ ಗೆರೆ ಅಗಲ, ನಮ್ಮ ಸೂಜಿ ತೀರಾ ಸಣ್ಣ.) ಸ್ಪೀಕರಲ್ಲಿ ಕೇಳಿದ್ರೆ ಪರ್ವಾಗಿಲ್ಲ ಅನ್ನಿಸ್ತು. ಹೆಡ್‌ಫೋನ್ ಹಾಕಿದ್ರೆ ಎಡಗಿವಿಲಿ ಟಿಕ್, ಬಲಗಿವಿಲಿ ಟಕ್, ಯಾರೋ ಎರಡೂ ಕಡೆ ಕುಂತು ಕಡ್ಲೆಪುರಿ ತಿಂತಿರೋ ಹಂಗೆ. ಈ ಹೆಡ್‌ಫೋನ್ ಅನ್ನೋದು ಚಾಡಿಕೋರ ಕಣ್ರೀ, ರೆಕಾರ್ಡಿನ ಸಂಸಾರದಲ್ಲಿ ಏನೇನು ಹುಳುಕಿದೆಯೋ ಎಲ್ಲ ತಂದು ಕಿವಿಗೆ ಹಾಕುತ್ತೆ.

ಇದಕ್ಕೆ ದುಬಾರಿ ಸೂಜಿ, ದುಬಾರಿ ಬ್ರಷ್ಷು ಅಂತ ಹುಡುಕ್ತಾ ಇದ್ದೆ, ಆಮೇಲೆ ಗೊತ್ತಾಯ್ತು ರೋಗ ಬೇರೆ ಅಂತ. ಆ ಇಪಿಗಳೆಲ್ಲ ಮೋನೋ, ಅಂದ್ರೆ ಸ್ಟೀರಿಯೋ ಥರ ಎಡಕ್ಕೊಂದು ಬಲಕ್ಕೊಂದು ಅಲ್ಲ, ಎರಡೂ ಕಿವಿಗೆ ಒಂದೇ ಸದ್ದು. ಮೋನೋ ರೆಕಾರ್ಡಲ್ಲಿ ಹಾಡೆಲ್ಲ ಗೆರೆ ಅಕ್ಕಪಕ್ಕ ಅಲ್ಲಾಡೋದ್ರಲ್ಲೇ ಇರುತ್ತೆ, ಗೆರೆಯ ಎರಡೂ ಗೋಡೆಲಿ ಒಂದೇ ಹಾಡು. ನಮ್ಮದು ಸ್ಟೀರಿಯೋ ಸೂಜಿ, ಅದು ಮೇಲೆ ಕೆಳಗೆ ಕುಣಿಯೋದನ್ನೂ ಓದುತ್ತೆ. ಹಾಗೆ ಕುಣಿಸೋದು ಧೂಳು, ಸವೆತ, ಬೂಷ್ಟಿನ ಕಲೆ. ಎಡ ಬಲ ಎರಡನ್ನೂ ಕೂಡಿಸಿಬಿಟ್ರೆ ಆ ಮೇಲೆ ಕೆಳಗಿನದ್ದು ಒಂದನ್ನೊಂದು ಹೊಡ್ಕಂಡು ಹೋಗುತ್ತೆ, ಹಾಡು ಉಳಿಯುತ್ತೆ. ಹಳೇ ಆಂಪ್ಲಿಫೈಯರಲ್ಲಿ ಇದಕ್ಕೇ ಅಂತ ಮೋನೋ ಬಟನ್ ಇರೋದು, ಈಗಿನವರಿಗೆ ಅದು ಯಾಕೆ ಬೇಡವಾಯ್ತೋ.

ಪೇಟೆಲಿ ಒಬ್ರು ರೇಡಿಯೋ ರಿಪೇರಿ ಮಾಡೋರಿದಾರೆ, ವಯಸ್ಸಾದವರು. ಅವರ ಹತ್ರ ಹೋಗಿ "ಅಣ್ಣ, ಎರಡು ಚಾನಲ್ ಸೇರಿಸೋ ಹಂಗೆ ಒಂದು ಸ್ವಿಚ್ ಮಾಡ್ಕೊಡಿ" ಅಂದೆ. ಕನ್ನಡಕದ ಮೇಲಿಂದ ನೋಡಿ "ಅಲ್ಲಾ ಸಾರ್, ಮೂವತ್ತು ವರ್ಷದಿಂದ ಜನ ಮೋನೋ ತಂದು ಸ್ಟೀರಿಯೋ ಮಾಡ್ಕೊಡು ಅಂತಿದ್ರು, ನೀವು ಉಲ್ಟಾ ಬಂದಿದೀರಲ್ಲ" ಅಂದ್ರು. ಆಮೇಲೆ ಖುಷಿ ಬಂತೇನೋ ಅವರಿಗೂ, ಸುಮ್ನೆ ವೈರ್ ಸೇರಿಸಿದ್ರೆ ಮಿಷನ್ನಿಗೆ ಒಳ್ಳೇದಲ್ಲ ಅಂತ ಮಧ್ಯೆ ರೆಸಿಸ್ಟರ್ ಹಾಕಿ, ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿಲಿ ಟಾಗಲ್ ಸ್ವಿಚ್ ಕೂರಿಸಿ ಕೊಟ್ರು. ಇನ್ನೂರು ರೂಪಾಯಿ. ನನ್ನ ಇಡೀ ಸೆಟಪ್ಪಲ್ಲಿ ದುಡ್ಡಿಗೆ ಮೋಸ ಇಲ್ಲದ ಐಟಂ ಅಂದ್ರೆ ಅದೊಂದೇ. ಸ್ವಿಚ್ ಒತ್ತಿದ ತಕ್ಷಣ ಕಡ್ಲೆಪುರಿ ಮುಕ್ಕಾಲು ಪಾಲು ಖಾಲಿ, ಪಿ.ಬಿ. ಶ್ರೀನಿವಾಸ್ ಎರಡೂ ಹುಬ್ಬಿನ ಮಧ್ಯೆ ಬಂದು ನಿಂತು ಹಾಡ್ತಾರೆ.

ಇನ್ನೊಂದು ಕಾಟ ಕರೆಂಟು. ಮಳೆಗಾಲದಲ್ಲಿ ನಮ್ಮ ಕಡೆ ಒಂದು ಕೊಂಬೆ ಮುರಿದು ತಂತಿ ಮೇಲೆ ಬಿದ್ರೆ ಸಾಕು. ಆಗ ಇನ್ವರ್ಟರ್ ಎತ್ಕಳುತ್ತೆ, ನಮ್ಮದು ಹಳೇ ಸ್ಕ್ವೇರ್ ವೇವ್ ಇನ್ವರ್ಟರು, ಫ್ಯಾನ್ ಗೊರಗೊರ ಅನ್ನುತ್ತಲ್ಲ ಅದೇ ಜಾತಿ, ಅಡಾಪ್ಟರ್ ದಾಟ್ಕಂಡು ಆ ಝುಂಯ್ ಸದ್ದು ಹಾಡಿನ ಹಿಂದೆ ಜೇನುಹುಳದಂಗೆ ಕೂತ್ಕಳುತ್ತೆ. ಸ್ಪೀಕರಲ್ಲಿ ಗೊತ್ತೇ ಆಗಿರಲಿಲ್ಲ. ಒಂದಿನ ತಲೆಗೆ ಹೊಳೀತು, ನನ್ನ ಟರ್ನ್‌ಟೇಬಲ್ ಅಡಾಪ್ಟರ್ 12 ವೋಲ್ಟು, ವೈಫೈ ರೌಟರಿನ ಮಿನಿ ಯುಪಿಎಸ್ಸೂ (ಕರೆಂಟ್ ಹೋದಾಗ ಬ್ಯಾಟರಿಲಿ ಓಡಿಸೋ ಸಣ್ಣ ಡಬ್ಬಿ) 12 ವೋಲ್ಟು. ಪಿನ್ ಸೇರ್ತು, ಎರಡರಲ್ಲೂ ಪ್ಲಸ್ ಪಿನ್ನಿನ ಒಳಗಡೆನೇ ಇತ್ತು (ಇದು ನೋಡದೆ ಚುಚ್ಚಬೇಡಿ ಮತ್ತೆ). ಹೆಡ್‌ಫೋನ್ ಆಂಪ್ (ಹೆಡ್‌ಫೋನಿಗೆ ಸದ್ದು ಏರಿಸಿ ಕೊಡೋ ಡಬ್ಬಿ) ಪವರ್ ಬ್ಯಾಂಕಲ್ಲಿ ಓಡುತ್ತೆ. ಈಗ ಇಡೀ ಬೀದಿ ಕತ್ತಲಾದ್ರೂ ಪ್ಲೇಟು ತಿರುಗ್ತಿರುತ್ತೆ, ಸದ್ದೂ ಶುದ್ಧ.

ಇಷ್ಟೆಲ್ಲ ಒದ್ದಾಟ ಯಾಕೆ, ಮೊಬೈಲಲ್ಲಿ ಕೇಳಬಾರದಾ ಅಂತ ನಮ್ಮನೇಲೇ ಕೇಳ್ತಾರೆ. ಕಾರಣ ಹೇಳ್ತೀನಿ.

ರಾತ್ರಿ ಊಟ ಆಗಿ, ಒಂಬತ್ತೂವರೆಗೆ ಅರ್ಧ ಲೋಟ ಕಾಫಿ (ನಿದ್ದೆ ಬರಲ್ಲ ಅನ್ನೋರು ನಮ್ಮ ಜಿಲ್ಲೆಯವರಲ್ಲ), ಲೋಟ ಬೇರೆ ಟೇಬಲ್ ಮೇಲೆ, ಟರ್ನ್‌ಟೇಬಲ್ ಹತ್ರ ಅಲ್ಲ. ಕವರಿಂದ ರೆಕಾರ್ಡ್ ಅಂಗೈ ಅಂಚಿಗೆ ಜಾರಿಸ್ಕಂಡು, ಎರಡು ಕೈಲಿ ಅಂಚು ಹಿಡಿದು, ಬಲ್ಬಿನ ಕೆಳಗೆ ಒಂದ್ಸಲ ಓರೆ ಮಾಡಿ ನೋಡ್ತೀನಿ. ತಿರುಗೋಕೆ ಬಿಟ್ಟು ಬ್ರಷ್ ಹಗೂರಕ್ಕೆ ಇಟ್ಟು ಮೂರು ಸುತ್ತು. ಬೇಸಿಗೆಲಿ ಈ ಬ್ರಷ್ಷಿಗೇ ಚಿಟಿಚಿಟಿ ಸ್ಟ್ಯಾಟಿಕ್ ಏಳುತ್ತೆ, ಮಳೆಗಾಲದಲ್ಲಿ ಆ ತೊಂದ್ರೆ ಇಲ್ಲ, ಥಂಡಿ ಹವಾಕ್ಕೆ ಬೂಷ್ಟೂ ಬರುತ್ತೆ ಸ್ಟ್ಯಾಟಿಕ್ಕೂ ಸಾಯುತ್ತೆ, ಒಂದು ಕೊಟ್ಟು ಒಂದು ಕಿತ್ಕಳುತ್ತೆ. ಆಮೇಲೆ ಹೆಡ್‌ಫೋನ್ ಹಾಕ್ಕಂಡ್ರೆ ಮಳೆ ದೂರ ಹೋಗುತ್ತೆ. ಲಿವರ್ ಇಳಿಸಿದ್ರೆ ಡುಪ್ ಅಂತ ಒಂದು ಸದ್ದು, ಸೂಜಿ ಗೆರೆಗೆ ಬಿತ್ತು.

ಹೋದ ವರ್ಷ ಆಷಾಢದಲ್ಲಿ ತಾತನ ಒಂದು ನಾಗಸ್ವರದ ಎಲ್‌ಪಿ ಹಾಕಿದ್ದೆ. ಡುಪ್ ಆಯ್ತು, ಹಾಡು ಇನ್ನೂ ಬಂದಿಲ್ಲ, ಎಲ್ಲೋ ತುಂಬಾ ದೂರದಿಂದ ಡೋಲಿನ ಸದ್ದು. ಹೆಡ್‌ಫೋನ್ ತೆಗೆದೆ. ಬರೀ ಮಳೆ. ಕಿಟಕಿ ತೆಗೆದು ರೋಡ್ ನೋಡಿದೆ, ಆಷಾಢದಲ್ಲಿ ಯಾರು ಮದುವೆ ಇಟ್ಕಂತಾರೆ, ಅದೂ ರಾತ್ರಿ ಹತ್ತು ಗಂಟೆಗೆ. ಮತ್ತೆ ಮೊದಲಿಂದ ಹಾಕಿದೆ. ಮತ್ತೆ ಅದೇ ಡೋಲು, ದೂರದಲ್ಲಿ, ಆಮೇಲೆ ಎರಡು ಸೆಕೆಂಡ್ ಆಗಿಲ್ಲ, ನಿಜವಾದ ಡೋಲು ಕಿವಿ ಮೇಲೆ ಬಿತ್ತು.

ಪ್ರೀ-ಎಕೋ ಅಂತಾರಂತೆ ಇದಕ್ಕೆ. ಮೂಲ ಡಿಸ್ಕಲ್ಲಿ ಜೋರು ಸದ್ದಿನ ಗೆರೆ ಕೊರೆಯೋವಾಗ ಪಕ್ಕದಲ್ಲಿ ಆಗಲೇ ಕೊರೆದಿರೋ ಗೆರೆಯ ಗೋಡೆನೂ ಚೂರು ಒತ್ತಿಸ್ಕಳುತ್ತೆ. ಪಕ್ಕದ ಗೆರೆ ಅಂದ್ರೆ ಒಂದು ಸುತ್ತು ಹಿಂದೆ. ಎಲ್‌ಪಿ ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ (33⅓) ಸುತ್ತು, ಅಂದ್ರೆ ಒಂದು ಸುತ್ತಿಗೆ ಸರಿಯಾಗಿ 1.8 ಸೆಕೆಂಡು. ಡೋಲಿನವರು ಹೊಡೆಯೋಕೆ 1.8 ಸೆಕೆಂಡ್ ಮುಂಚೆನೇ ಡೋಲು ಕೇಳಿಸುತ್ತೆ! ಲೆಕ್ಕಕ್ಕೆ ಇದು ದೋಷವೇ, ಸಿ.ಡಿ.ಯಲ್ಲಿ ಇಲ್ಲ, ಮೊಬೈಲಲ್ಲಿ ಇಲ್ಲ, ಸ್ಪೀಕರಲ್ಲಿ ನನಗೆ ಒಂದ್ಸಲನೂ ಕೇಳಿಸಿಲ್ಲ. ಚಾಡಿಕೋರ ಅಂತ ಬೈಕಂಡಿದ್ನಲ್ಲ, ಅದೇ ಹೆಡ್‌ಫೋನ್ ತಂದುಕೊಟ್ಟ ಸುದ್ದಿ ಇದು. ಈಗ ಆ ಎರಡು ಸೆಕೆಂಡಿಗೋಸ್ಕರ ಕಣ್ಣು ಮುಚ್ಕಂಡು ಕಾಯ್ತೀನಿ, ಮಗಳಿಗೆ ಹೇಳದೆ ಕೇಳಿಸಿದೆ, ಅವಳೂ ಕಿಟಕಿ ಕಡೆ ತಿರುಗಿದ್ಲು.

ಅಲ್ಲಿಂದಾಚೆ ಸಣ್ಣ ಸಣ್ಣ ಸದ್ದು ಹುಡುಕೋ ಚಟ ಹತ್ಕಂಡಿದೆ. ಪಕ್ಕದ ಹಾಸನ ಜಿಲ್ಲೆ ಗಡ್ಡವಳ್ಳಿಲಿ ಹುಟ್ಟಿದ ದೊರೆಸ್ವಾಮಿ ಅಯ್ಯಂಗಾರ್ ಅವರ ವೀಣೆ ಕೇಳಿ ಇದರಲ್ಲಿ, ಒಂದು ಮೀಟು ಹಾಕಿ ತಂತಿ ಎಳೆದು ಗಮಕ ತೆಗೆಯೋವಾಗ ಬೆರಳು ಮೆಟ್ಟಿಲ ಮೇಲೆ ಜಾರೋ ಸರ್ರ್ ಅನ್ನೋದು ಕೂಡ ಬರುತ್ತೆ, ಪಕ್ಕದ ಮೂರು ತಾಳದ ತಂತಿ ಬೇರೆಯಾಗೇ ಮಿಡಿಯುತ್ತೆ.

ಬೈಯೋದು ಇನ್ನೂ ಬಾಕಿ ಇದೆ. ಪ್ರತಿ ಸೈಡಿನ ಕೊನೆ ಹಾಡಲ್ಲಿ ಸ, ಶ ಬಂದಾಗೆಲ್ಲ ಸೀಳುತ್ತೆ. ಒಳಗಿನ ಸುತ್ತು ಸಣ್ಣದು, ಅಷ್ಟೇ ಹೊತ್ತಿನ ಹಾಡು ಅರ್ಧಕ್ಕಿಂತ ಕಮ್ಮಿ ಜಾಗದಲ್ಲಿ ತುರುಕಿರ್ತಾರೆ, ನನ್ನ ಅಗ್ಗದ ದುಂಡು ಸೂಜಿಗೆ ಅದು ಓದೋಕೆ ಬರಲ್ಲ. ಎಲಿಪ್ಟಿಕಲ್ (ಮೊಟ್ಟೆ ಆಕಾರದ ತುದಿದು) ಹಾಕಿದ್ರೆ ವಾಸಿ ಅಂತಾರೆ, ದುಡ್ಡು ಕೂಡಿಸ್ತಿದೀನಿ. ವೈರು ಇನ್ನೊಂದು ಶನಿ. ಒಂದ್ಸಲ ಸೈಡ್ ತಿರುಗಿಸೋಕೆ ಹೆಡ್‌ಫೋನ್ ತೆಗೆಯದೇ ಎದ್ದೆ, ವೈರ್ ಹೋಗಿ ಸೂಜಿ ಹಿಡಿದಿರೋ ತೋಳಿಗೆ ಸಿಕ್ಕಾಕ್ಕಂಡು ಜರ್ರ್ ಅಂತ ಎಳೀತು, ಎರಡೂ ಕಿವಿ ಒಳಗೇ ಸೀರೆ ಹರಿದಂಗಾಯ್ತು, ಸೂಜಿ ಹೋಯ್ತು. ಬ್ಲೂಟೂತ್ ಇರೋದು ತಗಳಿ ಅಂತೀರೇನೋ, ಇಷ್ಟೆಲ್ಲ ಮಾಡಿ ಆಮೇಲೆ ಗಾಳಿಲಿ ಕಳಿಸೋಕೆ ನನಗೆ ಮನಸ್ಸು ಬರಲ್ಲ, ನಿಮ್ಮಿಷ್ಟ. ಮೂರು ಮೀಟರ್ ಎಕ್ಸ್‌ಟೆನ್ಶನ್ ಹಾಕಿ ವೈರನ್ನ ಕುರ್ಚಿ ಹಿಂದಿಂದ ತಂದಿದೀನಿ, ಸದ್ಯಕ್ಕೆ ನಡೀತಿದೆ.

ಎಲ್ಲ ಸೇರಿ ಇಪ್ಪತ್ತೆರಡು ಸಾವಿರ ಆಗಿದೆ, ರೆಕಾರ್ಡ್ ತಾತನದ್ದು ಅಂತ ಬಚಾವು. ಹೊಸ ಎಲ್‌ಪಿ ರೇಟ್ ನೋಡಿದ್ರೆ ಎಕರೆ ಮೆಣಸಿನ ಬಳ್ಳಿ ಗಿರವಿ ಇಡ್ಬೇಕು. ಮನೇಲಿ ಹಳೇ ರೆಕಾರ್ಡ್ ಇಲ್ಲದೋರು ಇದಕ್ಕೆ ಕೈ ಹಾಕ್ಬೇಡಿ.

ಮಿನಿ ಯುಪಿಎಸ್ ಎರಡನೇದು ತಗಬೇಕು ಅಂತ ಒಂದು ವರ್ಷದಿಂದ ಅಂದ್ಕಳ್ತಿದೀನಿ. ಇರೋದು ಒಂದೇ, ರೌಟರಿಂದ ಕಿತ್ತಿದ್ದು. ನಿನ್ನೆ ರಾತ್ರಿ ಕರೆಂಟ್ ಹೋಯ್ತು, ಇನ್ವರ್ಟರ್ ಬ್ಯಾಟರಿನೂ ಮಲಗ್ತು, ನಾನು ಕತ್ತಲಲ್ಲಿ ಆ ದೂರದ ಡೋಲಿಗೆ ಕಾಯ್ತಿದ್ದೆ, ಹೆಗಲ ಮೇಲೆ ಕೈ ಬಿತ್ತು. ಹೆಡ್‌ಫೋನ್ ತೆಗೆದ್ರೆ ಮಗಳು, ಮುಖಕ್ಕೆ ಟಾರ್ಚ್ ಬಿಟ್ಕಂಡು, "ಅಪ್ಪಾ, ಎಷ್ಟ್ ಸಲ ಕೂಗೋದು, ವೈಫೈ!"