ಟೆಕ್ಸಾಸ್ ಹೆಸರಿನ ಸ್ಮೋಕರ್, ಕ್ಯಾರೋಲಿನಾ ಕೆಂಡ

ಸೌದೆಯ ಬಿಸಿಯಲ್ಲೂ ಹೊಗೆಯಲ್ಲೂ ಮಾಂಸ ಬೇಯಿಸುವ ನನ್ನ ಸ್ಮೋಕರಿನ ಫೈರ್‌ಬಾಕ್ಸ್‌ನ, ಅಂದರೆ ಪಕ್ಕದಲ್ಲಿ ಸೌದೆ ಉರಿಸುವ ಪೆಟ್ಟಿಗೆಯ, ತಳ ತೂತು ಬಿದ್ದಿದೆ. ಈ ವಿಮರ್ಶೆ ಬರೆಯಲು ಕೂತದ್ದೇ ಆ ಸಿಟ್ಟಿಗೆ. ಚಳಿಗಾಲ ಕಳೆದು ಹೊದಿಕೆ ತೆಗೆದು ನೋಡಿದರೆ ಒಳಗಿನ ತಗಡು ಪದರ ಪದರವಾಗಿ ಎದ್ದಿತ್ತು. ಸ್ಕ್ರೂಡ್ರೈವರ್ ತುದಿಯಿಂದ ಮೆಲ್ಲಗೆ ಒತ್ತಿದೆ, ಹಪ್ಪಳದಂತೆ ಮುರಿದು ಕಲ್ಲುಹಾಸಿನ ಮೇಲೆ ಬಿತ್ತು. ಬೂದಿಯನ್ನು ಒಳಗೇ ಬಿಟ್ಟು ಮಲಗುವವನಲ್ಲ ನಾನು. ತಣ್ಣಗಾದೊಡನೆ ಕೆರೆದು ತೆಗೆದು, ತೆಳುವಾಗಿ ಎಣ್ಣೆ ಸವರಿಯೇ ಮುಚ್ಚುತ್ತಿದ್ದೆ. ಆದರೆ ತಳದ ತಗಡೂ ಪಕ್ಕದ ತಗಡೂ ಸೇರುವ ಕಡೆ ಬೆರಳಾಗಲಿ ಬ್ರಷ್ ಆಗಲಿ ತಲುಪದ ಸಂದೊಂದು ಇದೆ. ಬೂದಿ ಅಲ್ಲಿ ಸೇರಿಕೊಂಡು ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ನಾರ್ತ್ ಕ್ಯಾರೋಲಿನಾದ ಬೇಸಿಗೆಯಲ್ಲಿ ತೇವಕ್ಕೆ ಬರವೇ ಇಲ್ಲ. ಒದ್ದೆ ಬೂದಿ, ತೆಳು ಉಕ್ಕು ಎರಡೂ ಒಟ್ಟಿಗಿದ್ದರೆ ಇನ್ನೇನಾದೀತು?

ಸೇವಾ ವಿಭಾಗದವರ ಉತ್ತರದಲ್ಲಿ ವಿನಯ ತುಂಬಿ ತುಳುಕುತ್ತಿತ್ತು. ತುಕ್ಕು ಮಾತ್ರ ಖಾತರಿಯ ವ್ಯಾಪ್ತಿಗೆ ಬರುವುದಿಲ್ಲವಂತೆ. ಬಯಲಲ್ಲಿ ಇಟ್ಟು ಬೆಂಕಿ ಹಾಕುವ ಉಕ್ಕಿನ ವಸ್ತುವಿಗೆ ತುಕ್ಕು ಬಿಟ್ಟು ಬೇರೆ ಯಾವ ಕಾಯಿಲೆ ಬರಲು ಸಾಧ್ಯ ಎಂದು ಕೇಳಿ ಬರೆದೆ. ಅದಕ್ಕೆ ಉತ್ತರ ಬರಲಿಲ್ಲ. ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಕಪ್ಪು ಸ್ಮೋಕರ್ ಬೇರೆ ಬೇರೆ ಹೆಸರು ಅಂಟಿಸಿಕೊಂಡು ಎಲ್ಲ ದೊಡ್ಡ ಹಾರ್ಡ್‌ವೇರ್ ಅಂಗಡಿಗಳಲ್ಲೂ 200 ಡಾಲರ್ ಆಸುಪಾಸಿನಲ್ಲಿ ಸಿಗುತ್ತದೆ. ಉದ್ದಗಲ, ತೂಕ ಡಬ್ಬಿಯ ಮೇಲೇ ಇವೆ, ನೋಡಿಕೊಳ್ಳಿ.

ನನ್ನ ಅಡುಗೆಯ ಹಿನ್ನೆಲೆ ಹೇಳದೆ ನನ್ನ ತೀರ್ಪು ನಿಮಗೆ ಉಪಯೋಗಕ್ಕೆ ಬರುವುದಿಲ್ಲ. ನಾನು ವಿರಾಜಪೇಟೆ ಕಡೆಯವನು, ಈಗ ರಾಲಿ ಪಕ್ಕದ ಕ್ಯಾರಿಯಲ್ಲಿ ಮನೆ. ನಮ್ಮಲ್ಲಿ ಹಂದಿ ನಡೆಯುತ್ತದೆ, ದನ ನಡೆಯುವುದಿಲ್ಲ. ಹಾಗಾಗಿ ಡಬ್ಬಿಯ ಮೇಲೆ ದೊಡ್ಡದಾಗಿ ಮುದ್ರಿಸಿದ ಬ್ರಿಸ್ಕೆಟ್ (ದನದ ಎದೆಮಾಂಸ) ಚಿತ್ರಕ್ಕೂ ನನಗೂ ಸಂಬಂಧವಿಲ್ಲ. ಅದು ಇದರಲ್ಲಿ ಹೇಗೆ ಬೇಯುತ್ತದೆ ಎಂದು ನನ್ನನ್ನು ಕೇಳಬೇಡಿ.

ಆ ಚಿತ್ರದ ಪಕ್ಕದಲ್ಲೇ ಟೆಕ್ಸಾಸ್ ಎಂಬ ಹೆಸರೂ ಇದೆ. ಪಕ್ಕದ ಫೈರ್‌ಬಾಕ್ಸ್‌ನಲ್ಲಿ ಸೌದೆ ಉರಿಸಿ, ಬಿಸಿಯನ್ನೂ ಹೊಗೆಯನ್ನೂ ಮಾಂಸದ ಮೇಲೆ ಅಡ್ಡಡ್ಡಲಾಗಿ ಹರಿಸಿ, ಇನ್ನೊಂದು ತುದಿಯ ಚಿಮಣಿಯಿಂದ ಹೊರಗೆ ಬಿಡುವ ಈ ಆಫ್‌ಸೆಟ್ ವಿನ್ಯಾಸ ನಿಜಕ್ಕೂ ಅಲ್ಲಿಯದ್ದೇ. ಅಲ್ಲಿ ದಪ್ಪನೆಯ ಪೈಪುಗಳನ್ನೂ ಹಳೆಯ ಗ್ಯಾಸ್ ಟ್ಯಾಂಕುಗಳನ್ನೂ ಕೊಯ್ದು ಬೆಸೆದು ಇಂಥವನ್ನು ಮಾಡುತ್ತಾರೆ. ಲಾಕ್‌ಹಾರ್ಟ್, ಆಸ್ಟಿನ್ ಸುತ್ತಮುತ್ತ ಓಕ್ ಸೌದೆ, ಉಪ್ಪು, ಕರಿಮೆಣಸು ಇಷ್ಟರಲ್ಲೇ ಕೆಲಸ ಮುಗಿಯುತ್ತದೆ. ಆದರೆ ಆ ವಿನ್ಯಾಸದ ಜೀವ ಇರುವುದು ಉಕ್ಕಿನ ದಪ್ಪದಲ್ಲಿ. ಕಾಲು ಅಂಗುಲದ ಗೋಡೆ ಒಮ್ಮೆ ಕಾದರೆ ಸಣ್ಣ ಬೆಂಕಿಯಲ್ಲೇ ಗಂಟೆಗಟ್ಟಲೆ ಬಿಸಿ ಹಿಡಿದಿಡುತ್ತದೆ. ನನ್ನ ಸ್ಮೋಕರಿನ ಗೋಡೆ ಗಾಳಿ ಬೀಸಿದರೆ ತಣ್ಣಗಾಗುತ್ತದೆ.

ಮುಚ್ಚಳದ ಅಂಚಿನಲ್ಲಿ ಹೊಗೆ ಸೋರುತ್ತದೆ. ಶಾಖ ತಡೆಯುವ ಹಗ್ಗ ಅಂಟಿಸಿದ ಮೇಲೆ ಕಡಿಮೆಯಾಯಿತು. ಮುಚ್ಚಳದ ಮೇಲಿನ ತಾಪಮಾಪಕ ಬರೀ ಅಲಂಕಾರ. ಅದು 250 ಡಿಗ್ರಿ ಫ್ಯಾರನ್‌ಹೀಟ್ ಎಂದು ತೋರಿಸುವಾಗ ಜಾಲರಿಯ ಮೇಲೆ, ಬೆಂಕಿಯ ಕಡೆಯ ತುದಿಯಲ್ಲಿ 300 ದಾಟಿರುತ್ತದೆ, ಚಿಮಣಿಯ ಕಡೆ 220 ಇದ್ದರೆ ಹೆಚ್ಚು. ಬಿಸಿ ಬೀಳದಂತೆ ನೋಡಿಕೊಳ್ಳಲು ಅರ್ಧ ಗಂಟೆಗೊಂದು ಸೌದೆ ಇಡಬೇಕು. ಗಾಳಿ ಸಾಲದೆ ಅದು ಕೂಡಲೇ ಹತ್ತಿಕೊಳ್ಳದಿದ್ದರೆ ಬಿಳಿ ದಟ್ಟ ಹೊಗೆ ಏಳುತ್ತದೆ, ಮಾಂಸ ಕಹಿಯಾಗುತ್ತದೆ. ಬೇಕಾದ ಹೊಗೆ ತೆಳು ನೀಲಿಯದು, ಬಿಸಿಲಿಗೆ ಹಿಡಿದರಷ್ಟೇ ಕಾಣುವಂಥದ್ದು.

ಇಷ್ಟೆಲ್ಲ ಬೈದರೂ ಶನಿವಾರ ಬೆಳಿಗ್ಗೆಯ ಕೆಲಸಗಳನ್ನು ನಾನು ಯಾರಿಗೂ ಬಿಟ್ಟುಕೊಡಲಾರೆ. ಹಿಂದಿನ ರಾತ್ರಿಯೇ ಹಂದಿಯ ಭುಜದ ತುಂಡಿಗೆ ಉಪ್ಪು ಹಚ್ಚಿ ಫ್ರಿಜ್‌ನಲ್ಲಿ ಇಟ್ಟಿರುತ್ತೇನೆ. ಮನೆಯವರು ಏಳುವ ಮುಂಚೆ ಹಿಕರಿ ಸೌದೆಯನ್ನು ಮಣಿಕಟ್ಟಿನ ಗಾತ್ರಕ್ಕೆ ಸೀಳುತ್ತೇನೆ. ಸೀಳಿದ ತುಂಡನ್ನು ಮೂಗಿಗೆ ಹಿಡಿದರೆ ಒಣಗಿದ್ದೋ ಹಸಿಯೋ ತಿಳಿಯುತ್ತದೆ, ತೇವ ಅಳೆಯುವ ಯಂತ್ರ ಬೇಕಿಲ್ಲ. ಮುಂದೆ ಹಾಕಬೇಕಾದ ಸೌದೆಯನ್ನು ಫೈರ್‌ಬಾಕ್ಸ್‌ನ ನೆತ್ತಿಯ ಮೇಲೆ ಅಡ್ಡ ಮಲಗಿಸಿಡುತ್ತೇನೆ. ಅದು ಅಲ್ಲೇ ಬಿಸಿಯೇರಿ, ಒಳಗೆ ಹೋದೊಡನೆ ಹೊಗೆಯಾಡದೆ ಭಗ್ಗನೆ ಹತ್ತಿಕೊಳ್ಳುತ್ತದೆ. ಆಮೇಲೆ ಕಾಫಿ. ಊರಿನಿಂದ ಬಂದಿದ್ದ ಅಪ್ಪ ಒಂದು ದಿನ ಇದನ್ನೆಲ್ಲ ಬಹಳ ಹೊತ್ತು ನೋಡಿ, "ಇಷ್ಟು ಸೌದೆ ಸುಡುವುದಕ್ಕೆ ಅಮೆರಿಕಕ್ಕೆ ಬರಬೇಕಿತ್ತೇ?" ಎಂದರು. ಸಂಜೆ ಎರಡನೇ ಸಲ ಬಡಿಸಿಕೊಂಡಾಗ ಆ ಪ್ರಶ್ನೆ ಮತ್ತೆ ಬರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮಾಂಸದ ಒಳಗಿನ ಬಿಸಿ 160 ಡಿಗ್ರಿಯ ಹತ್ತಿರ ಬಂದು ನಿಂತುಬಿಡುತ್ತದೆ. ಮಾಂಸದ ಮೇಲ್ಮೈಯಿಂದ ನೀರು ಆವಿಯಾಗುತ್ತಾ ಅದನ್ನು ತಂಪಾಗಿಸುತ್ತಿರುತ್ತದೆ. ನೀವು ಕೊಟ್ಟ ಬಿಸಿಯೆಲ್ಲ ಅದಕ್ಕೇ ಖರ್ಚು. ಅವಸರದವರು ಹಾಳೆಯಲ್ಲಿ ಸುತ್ತುತ್ತಾರೆ. ನಾನು ಸುತ್ತುವುದಿಲ್ಲ, ಹೊರಪದರ ಮೆತ್ತಗಾಗುತ್ತದೆ. 195 ದಾಟಿ, ಒಳಗಿನ ಸ್ನಾಯುಬಂಧವೆಲ್ಲ ಕರಗಿ, ಮೂಳೆ ತಾನಾಗಿಯೇ ಕಳಚಿಕೊಳ್ಳುವವರೆಗೆ ಕಾಯುತ್ತೇನೆ. ಸೋರುವ ಸ್ಮೋಕರಿನಲ್ಲಿ ಹೀಗೆ ಕಾಯುವಾಗ ಸೌದೆಯ ರಾಶಿ ಕರಗುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ.

ತಳ ತೂತಾದ ದಿನ ಇದನ್ನು ಗುಜರಿಗೆ ಹಾಕಬೇಕೆಂದೇ ಇದ್ದೆ. ಹಾಕದಂತೆ ತಡೆದದ್ದು ಲೆಕ್ಸಿಂಗ್ಟನ್. ನಮ್ಮ ಮನೆಯಿಂದ ಅಲ್ಲಿಗೆ ಸುಮಾರು ಒಂದೂವರೆ ಗಂಟೆಯ ದಾರಿ. ಚಿಕ್ಕ ಊರು, ಆದರೆ 1984ರಿಂದ ಪ್ರತಿ ಅಕ್ಟೋಬರ್‌ನಲ್ಲಿ ಬಾರ್ಬೆಕ್ಯೂ ಜಾತ್ರೆಯನ್ನೇ ನಡೆಸಿಕೊಂಡು ಬಂದಿದೆ. 1962ರಲ್ಲಿ ಶುರುವಾದ ಲೆಕ್ಸಿಂಗ್ಟನ್ ಬಾರ್ಬೆಕ್ಯೂ ಎಂಬ ಉಪಾಹಾರ ಗೃಹಕ್ಕೆ ನಾವು ಆಗಾಗ ಹೋಗುತ್ತೇವೆ. ಅಲ್ಲಿ ಮಾಂಸದ ಕೆಳಗೆ ಉರಿಯುವ ಸೌದೆ ಇರುವುದೇ ಇಲ್ಲ. ಓಕ್, ಹಿಕರಿ ಸೌದೆಯನ್ನು ಬೇರೆ ಒಲೆಯಲ್ಲಿ ಉರಿಸಿ, ಹೊಗೆಯೂ ಜ್ವಾಲೆಯೂ ತೀರಿದ ಮೇಲೆ ಕೆಂಡವನ್ನಷ್ಟೇ ಉದ್ದ ಹಿಡಿಕೆಯ ಸಲಿಕೆಯಲ್ಲಿ ತಂದು ಭುಜದ ತುಂಡುಗಳ ಕೆಳಗೆ ಹರವುತ್ತಾರೆ. ಕೊಬ್ಬು ಕೆಂಡದ ಮೇಲೆ ತೊಟ್ಟಿಕ್ಕಿ ಏಳುವ ಹೊಗೆಯೇ ಅಲ್ಲಿಯ ರುಚಿ. ಆ ಪರಿಮಳ ಆಫ್‌ಸೆಟ್‌ನಲ್ಲಿ ಬರುವುದು ಸಾಧ್ಯವೇ ಇಲ್ಲ, ಏಕೆಂದರೆ ಅದರಲ್ಲಿ ಕೊಬ್ಬಿಗೂ ಬೆಂಕಿಗೂ ಭೇಟಿಯಿಲ್ಲ.

ಹಾಗಾದರೆ ನನ್ನ ಸ್ಮೋಕರಿನಲ್ಲಿ ಹಾಳಾದದ್ದು ಏನು? ಪಕ್ಕದಲ್ಲಿ ಸೌದೆ ಉರಿಸುವ ಜಾಗ ಮಾತ್ರ. ಫೈರ್‌ಬಾಕ್ಸ್‌ನ ತೂತಿನ ಮೇಲೆ ಶಾಖ ತಾಳುವ ಇಟ್ಟಿಗೆ ಹಾಸಿದೆ. ಈಗ ಅದರ ಮುಚ್ಚಳ ತೆರೆದಿಟ್ಟೇ ಸೌದೆ ಉರಿಸುತ್ತೇನೆ, ಹಸಿ ಹೊಗೆಯೆಲ್ಲ ಆಕಾಶಕ್ಕೆ ಹೋಗುತ್ತದೆ. ಕೆಂಡವಾದ ಮೇಲೆ ದೊಡ್ಡ ಕೋಣೆಯ ಕೆಳಜಾಲರಿಗೆ ಸಾಗಿಸುತ್ತೇನೆ. ಅಲ್ಲಿ ಇದ್ದಿಲು ಹಾಕಲೆಂದೇ ಜಾಲರಿ ಕೊಟ್ಟಿದ್ದಾರೆ, ನಾನು ಅದನ್ನು ಹಿಂದೆ ಮುಟ್ಟಿಯೇ ಇರಲಿಲ್ಲ. ಕೆಂಡಕ್ಕೂ ಮಾಂಸಕ್ಕೂ ಅಂತರ ಕಡಿಮೆ, ಅದೊಂದು ತೊಡಕು. ಮೇಲಿನ ಜಾಲರಿಯನ್ನು ಇಟ್ಟಿಗೆಯಿಟ್ಟು ಎತ್ತರಿಸಿ, ಕೆಂಡವನ್ನು ನಡುವೆ ಹಾಕದೆ ಅಂಚಿನುದ್ದಕ್ಕೆ ಒಂದೊಂದೇ ಸಲಿಕೆ ಸುರಿದರೆ ಸರಿಹೋಗುತ್ತದೆ. ಒಮ್ಮೆಗೇ ಹೆಚ್ಚು ಸುರಿದರೆ ಕೊಬ್ಬು ಹತ್ತಿಕೊಂಡು ಉರಿಯುತ್ತದೆ, ಹುಷಾರು.

ಮೊದಲ ಸಲ ಮುಚ್ಚಳ ಎತ್ತಿದಾಗ ಬಂದ ವಾಸನೆಗೆ ಹೆಂಡತಿ ಅಡುಗೆಮನೆಯ ಕಿಟಕಿಯಿಂದಲೇ, "ಲೆಕ್ಸಿಂಗ್ಟನ್‌ಗೆ ಹೋಗಿ ತಂದಿರಾ?" ಎಂದು ಕೂಗಿದಳು. ಟೆಕ್ಸಾಸ್ ಹೆಸರಿಟ್ಟು ಮಾರಿದ ಸ್ಮೋಕರ್ ಕ್ಯಾರೋಲಿನಾದ ರೀತಿಯಲ್ಲಿ ಬಳಸಿದಾಗ ಮಾತ್ರ ಬೆಲೆಗೆ ತಕ್ಕದ್ದಾಯಿತು. ಸೋರುವ ಮುಚ್ಚಳ ಈಗ ದೋಷವಲ್ಲ. ಕೆಂಡ ಉಸಿರಾಡಬೇಕಲ್ಲ. ಜಾಲರಿಯ ಆ ತುದಿಗೂ ಈ ತುದಿಗೂ ಇದ್ದ ಬಿಸಿಯ ವ್ಯತ್ಯಾಸವೂ ನನ್ನ ಸಲಿಕೆಯ ಕೈಯಲ್ಲಿದೆ. ಸೌದೆಯೂ ಕಡಿಮೆ ಎಂದು ಹೇಳಲಾರೆ, ಅದು ಇನ್ನೂ ಹೆಚ್ಚೇ ಬೇಕು.

ಮಾಂಸವನ್ನು ಕೈಯಲ್ಲಿ ಎಳೆದು ಬಿಡಿಸುವುದಿಲ್ಲ, ಕತ್ತಿಯಲ್ಲೇ ಕೊಚ್ಚುತ್ತೇನೆ. ಗರಿಗರಿ ಕಂದು ಹೊರಪದರ ಒಳಗಿನ ಮೆದು ಮಾಂಸದ ಜೊತೆ ಸಮನಾಗಿ ಬೆರೆಯಬೇಕು. ಲೆಕ್ಸಿಂಗ್ಟನ್‌ನಲ್ಲಿ ಆ ಕಂದು ಭಾಗವನ್ನೇ ಕೇಳಿ ಹಾಕಿಸಿಕೊಳ್ಳುವವರಿದ್ದಾರೆ, ನಾನೂ ಅವರಲ್ಲೊಬ್ಬ. ಮೇಲೆ ಹಾಕುವ ಸಾರಿಗೆ ಎರಡು ಕಪ್ ಸೇಬಿನ ವಿನೆಗರ್, ಅರ್ಧ ಕಪ್ ಕೆಚಪ್, ಒಣಮೆಣಸಿನ ತರಿ, ಉಪ್ಪು, ಕರಿಮೆಣಸು, ಸ್ವಲ್ಪ ಸಕ್ಕರೆ ಸೇರಿಸಿ ಒಂದು ಕುದಿ ಬರಿಸಿದರೆ ಆಯಿತು. ಎಲೆಕೋಸನ್ನೂ ಸಣ್ಣಗೆ ಹೆಚ್ಚಿ ಅದೇ ಸಾರಿನಲ್ಲಿ ಕಲಸುತ್ತಾರೆ, ಮೇಯನೇಸ್ ಇಲ್ಲ. ರಾಜ್ಯದ ಪೂರ್ವಕ್ಕೆ ಹೋದರೆ ಕೆಚಪ್ ಹೆಸರೆತ್ತಿದರೂ ಮುಖ ಸಿಂಡರಿಸುತ್ತಾರೆ. ಏಡನ್ ಎಂಬ ಊರಿನ ಸ್ಕೈಲೈಟ್ ಇನ್‌ನಲ್ಲಿ 1947ರಿಂದ ಇಡೀ ಹಂದಿಯನ್ನೇ ಕೆಂಡದ ಮೇಲೆ ಬೇಯಿಸಿ, ಗರಿಗರಿ ಚರ್ಮವನ್ನೂ ಸೇರಿಸಿ ಕೊಚ್ಚಿ, ವಿನೆಗರ್ ಮತ್ತು ಖಾರ ಹಾಕಿ ಕೊಡುತ್ತಾರೆ. ಕೊಡಗಿನ ಹುಳಿಯಾದ ಕಾಚಂಪುಳಿ ಹಾಕಿದ ಹಂದಿಮಾಂಸ ತಿಂದು ಬೆಳೆದವನಿಗೆ ಇದನ್ನು ಯಾರೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಕೊಬ್ಬಿಗೆ ಹುಳಿಯೇ ಮದ್ದು ಎನ್ನುವುದು ಎರಡೂ ಕಡೆಯವರಿಗೆ ಗೊತ್ತಿದೆ. ಸೌತ್ ಕ್ಯಾರೋಲಿನಾದ ಸಾಸಿವೆ ಸಾಸ್ ಮಾತ್ರ ನನಗೆ ಇನ್ನೂ ಒಗ್ಗಿಲ್ಲ.

ಹಂದಿ ತಿನ್ನದ ಸ್ನೇಹಿತರೇ ನಮಗೆ ಹೆಚ್ಚು. ಅವರು ಬಂದಾಗ ಕೋಳಿ. ಅದಕ್ಕೆ ಅಲಬಾಮದ ಬಿಳಿ ಸಾಸ್. ಡಿಕೇಟರ್ ಊರಿನ ಬಿಗ್ ಬಾಬ್ ಗಿಬ್ಸನ್ ಅಂಗಡಿಯಿಂದ ಪ್ರಸಿದ್ಧಿಗೆ ಬಂದದ್ದು. ಮೇಯನೇಸ್, ವಿನೆಗರ್, ಕರಿಮೆಣಸು ಕಲಸಿದ ತೆಳು ಸಾಸಿನಲ್ಲಿ ಬೆಂದ ಕೋಳಿಯನ್ನು ಹಾಗೆಯೇ ಮುಳುಗಿಸಿ ತೆಗೆಯುವುದು. ಮಕ್ಕಳು ಬೆರಳು ನೆಕ್ಕುತ್ತಾರೆ, ದೊಡ್ಡವರು ಉಪ್ಪಿನಕಾಯಿ ಇದೆಯೇ ಎಂದು ಕೇಳುತ್ತಾರೆ.

ಕುರಿಯ ವಿಷಯಕ್ಕೆ ಬಂದರೆ ಕೆಂಟಕಿಯ ಓವೆನ್ಸ್‌ಬರೊ. ಅಮೆರಿಕದ ದಕ್ಷಿಣದಲ್ಲಿ ಮಟನ್ ಬಾರ್ಬೆಕ್ಯೂಗೆ ಹೆಸರಾದ ಊರು ಅದು. ವೂಸ್ಟರ್‌ಶೈರ್ ಸಾಸ್ ಮತ್ತು ವಿನೆಗರ್ ಬೆರೆತ ಕಪ್ಪು ಸಾರನ್ನು ಬೇಯುವಾಗಲೂ ಸವರುತ್ತಾರೆ, ಬಡಿಸುವಾಗಲೂ ಕೊಡುತ್ತಾರೆ. ಇಲ್ಲಿಯ ಹಲಾಲ್ ಅಂಗಡಿಗಳಲ್ಲಿ ಮಟನ್ ಎಂದರೆ ಹೆಚ್ಚಾಗಿ ಆಡು ಕೊಡುತ್ತಾರೆ. ಕೊಬ್ಬಿಲ್ಲದ ಆಡಿನ ತೊಡೆ ಈ ಸ್ಮೋಕರಿನಲ್ಲಿ ಒಣಗಿ ನಾರಾಗುತ್ತದೆ. ಕುರಿಯ ಭುಜವನ್ನೇ ಕೇಳಿ ತನ್ನಿ.

ಎಲ್ಲ ಮುಗಿದ ಮೇಲೆ ಉಳಿದ ಕೆಂಡದ ಮೇಲೆ ಎರಡು ದಪ್ಪ ಬದನೆಕಾಯಿ ಹಾಕುತ್ತೇನೆ. ಸಿಪ್ಪೆ ಕಪ್ಪಾಗಿ ಸೀಳಿದಾಗ ತೆಗೆದು, ಹುಣಸೆರಸ, ಹಸಿಮೆಣಸು, ಬೆಲ್ಲ ಸೇರಿಸಿ ಗೊಜ್ಜು. ಹಿಕರಿ ಕೆಂಡದಲ್ಲಿ ಸುಟ್ಟ ಬದನೆಯ ಗೊಜ್ಜಿಗಾಗಿಯೇ ನಮ್ಮ ಮನೆಗೆ ಬರುವ ಸಸ್ಯಾಹಾರಿ ದಂಪತಿ ಇದ್ದಾರೆ. ಈ ಉಪಯೋಗ ಡಬ್ಬಿಯ ಮೇಲೆ ಎಲ್ಲಿಯೂ ಬರೆದಿಲ್ಲ.

ಕೊಳ್ಳಬೇಕೇ ಎಂದು ಕೇಳಿದರೆ: ಟೆಕ್ಸಾಸ್ ರೀತಿಯಲ್ಲಿ ಹಗಲಿರುಳು ಸೌದೆ ಉರಿಸುವ ಆಸೆ ಇದ್ದವರು ಬೇಡ. ಸಾವಿರಕ್ಕೂ ಹೆಚ್ಚು ಡಾಲರ್ ಕೂಡಿಟ್ಟು ದಪ್ಪ ಉಕ್ಕಿನದ್ದನ್ನೇ ತೆಗೆದುಕೊಳ್ಳಿ. ನನ್ನಂತೆ ಕೈ ಬಿಗಿಯಿದ್ದವರು, ಭುಜದ ತುಂಡು, ಕೋಳಿ, ಕುರಿ ಸಾಕು ಎನ್ನುವವರು ಬಳಸಿದ್ದನ್ನು ಹುಡುಕಿ. ತಳ ತುಕ್ಕು ಹಿಡಿದದ್ದೆಂದು ಜನ ಐವತ್ತು ಡಾಲರ್‌ಗೂ ಕೊಟ್ಟುಬಿಡುತ್ತಾರೆ. ದೊಡ್ಡ ಕೋಣೆಯ ತಗಡು ಗಟ್ಟಿಯಿದೆಯೇ ಎಂದಷ್ಟೇ ತಟ್ಟಿ ನೋಡಿ. ಕಂಪನಿಯ ಹೊದಿಕೆ ಕೊಳ್ಳಬೇಡಿ, ಅದು ಮಳೆ ತಡೆಯುವುದಕ್ಕಿಂತ ತೇವ ಕೂಡಿಡುವುದೇ ಹೆಚ್ಚು. ಮಿಕ್ಕ ದುಡ್ಡಿಗೆ ಇಟ್ಟಿಗೆ, ನಂಬಬಹುದಾದ ತಾಪಮಾಪಕ, ಒಂದು ಸಲಿಕೆ. ಸಲಿಕೆ ಮಾತ್ರ ಉದ್ದ ಹಿಡಿಕೆಯದ್ದೇ ಇರಲಿ. ಮನೆಯೊಳಗಿನ ಅಗ್ಗಿಷ್ಟಿಕೆಗೆ ಕೊಡುವ ಪುಟ್ಟ ಸಲಿಕೆಯಲ್ಲಿ ಕೆಂಡ ಸಾಗಿಸಲು ಹೋದರೆ ಕೈಮೇಲಿನ ಕೂದಲು ಉಳಿಯುವುದಿಲ್ಲ.