ಆರು ವರ್ಷ ಟ್ಯೂಟರ್ ಆಗಿದ್ದ ನರ್ಸಿಂಗ್ ಕಾಲೇಜು: ಕೆಲಸಕ್ಕೆ ಸೇರುವ ಮುಂಚೆ ಓದಿ

ಬೆಂಗಳೂರಿನ ಹೊರವಲಯದ ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಆರು ವರ್ಷ ಪಾಠ ಮಾಡಿದೆ. ಹೆಸರು ಬರೆಯುವುದಿಲ್ಲ, ನನ್ನ ಜೊತೆಯವರು ಇನ್ನೂ ಅಲ್ಲೇ ಇದ್ದಾರೆ. ಓದಿ ಹೋದ ಮಕ್ಕಳ ರಿವ್ಯೂ ಬೇಕಾದಷ್ಟಿದೆ. ಪಾಠ ಮಾಡುವವರ ಕಡೆಯಿಂದ ಒಂದೂ ಇಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಮೂರು ವರ್ಷಕ್ಕೆ ಐದರಲ್ಲಿ ಒಂದು ಸ್ಟಾರ್, ಆಮೇಲಿನ ಮೂರಕ್ಕೆ ನಾಲ್ಕು. ನಡುವೆ ಬದಲಾಗಿದ್ದು ಪ್ರಿನ್ಸಿಪಾಲ್ ಒಬ್ಬರೇ. ಸಂಬಳ ಕೂಡ ಹೆಚ್ಚುಕಮ್ಮಿ ಅಷ್ಟೇ ಇತ್ತು.

ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಟೀಚರ್ ಅನ್ನುವುದು ಇಂಡಿಯನ್ ನರ್ಸಿಂಗ್ ಕೌನ್ಸಿಲ್ ನಿಯಮ. ವಾರ್ಡಿನಲ್ಲಿ ನನ್ನ ಜೊತೆ 32 ಮಕ್ಕಳಿದ್ದರು. ಬೆಳಿಗ್ಗೆ ಆರೂವರೆಗೆ ಕಾಲೇಜು ಬಸ್ಸು, ಮಧ್ಯಾಹ್ನದವರೆಗೆ ಆಸ್ಪತ್ರೆ, ವಾಪಸ್ ಬಂದು ಥಿಯರಿ ಕ್ಲಾಸು, ಸಂಜೆ ಮಕ್ಕಳು ಬರೆದ ಕೇರ್ ಪ್ಲಾನ್ (ರೋಗಿಯ ಆರೈಕೆಯ ಯೋಜನೆ) ಮತ್ತು ಲಾಗ್‌ಬುಕ್ ತಿದ್ದುವುದು, ವಾರಕ್ಕೊಂದು ರಾತ್ರಿ ಹಾಸ್ಟೆಲ್ ಡ್ಯೂಟಿ. ಇನ್‌ಸ್ಪೆಕ್ಷನ್ ಬಂತೆಂದರೆ ಎರಡು ವಾರ ಬರೀ ಫೈಲು. ಬೇಸಿಗೆ ರಜೆಯಲ್ಲಿ ಪಿಯುಸಿ ಮಕ್ಕಳ ಪಟ್ಟಿ ಹಿಡಿದು ಅಡ್ಮಿಷನ್‌ಗೆ ಫೋನ್ ಮಾಡಬೇಕು. ರಜೆ ಕೇಳಿದರೆ ಬರುವ ಮೊದಲ ಮಾತು, "ಬದಲಿಗೆ ಯಾರನ್ನ ಒಪ್ಪಿಸಿದ್ದೀರಿ?" ರಾತ್ರಿ ಹತ್ತೂವರೆಗೂ ವಾಟ್ಸಾಪ್ ನಿಲ್ಲುತ್ತಿರಲಿಲ್ಲ.

ಆ ಮೊದಲ ಮೂರು ವರ್ಷದ ಪ್ರಿನ್ಸಿಪಾಲ್ ಕೆಟ್ಟವರಲ್ಲ. ಆಡಳಿತ ಮಂಡಳಿ ಅವರ ಮೇಲೆ ಹಾಕಿದ್ದನ್ನು ಹಾಗೇ ನಮ್ಮ ಮೇಲೆ ಹಾಕುತ್ತಿದ್ದರು, ಅಷ್ಟೇ.

ನನಗೆ ಏನಾಗಿದೆ ಅಂತ ಗೊತ್ತಾಗಿದ್ದು ಬರ್ನ್‌ಔಟ್ ಬಗ್ಗೆ ಪಾಠ ಮಾಡುವಾಗ. ಬರ್ನ್‌ಔಟ್ ಕಾಯಿಲೆಯಲ್ಲ, ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದಿಂದ ಬರುವಂಥದ್ದು ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವಿವರಿಸಿದೆ. ಅದು ಹೇಳುವ ಲಕ್ಷಣ ಮೂರು: ಸುಸ್ತು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದು ಕೈಗೂಡುತ್ತಿಲ್ಲ ಅನ್ನಿಸುವುದು. ಬೋರ್ಡಿನ ಮೇಲೆ ಎರಡನೆಯದನ್ನು ಬರೆಯುತ್ತಾ ಹಿಂದಿನ ವಾರದ್ದು ನೆನಪಾಯಿತು. ಫಸ್ಟ್ ಇಯರ್ ಹುಡುಗಿ, ರಾಯಚೂರು ಕಡೆಯವಳು, ವಾರ್ಡಿನಲ್ಲಿ ಮೊದಲ ಸಾವು ನೋಡಿ ಬಂದು ನನ್ನ ಮೇಜಿನ ಪಕ್ಕ ನಿಂತಿದ್ದಳು. ಕೈ ನಡುಗುತ್ತಿತ್ತು. ನಾನು ತಲೆ ಎತ್ತದೆ "ರೆಕಾರ್ಡ್ ಮುಗೀತಾ?" ಅಂದಿದ್ದೆ. ಅವಳು "ಇಲ್ಲ ಮೇಡಂ" ಅಂತ ಹೊರಟುಹೋದಳು. ಇದನ್ನು ಬರೆಯುವಾಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಹೊಸ ಪ್ರಿನ್ಸಿಪಾಲ್ ಮೇಡಂ ಬಂದ ಮೊದಲ ವಾರ ಭಾಷಣ ಏನೂ ಮಾಡಲಿಲ್ಲ. ಆರೂವರೆ ಬಸ್ಸಿಗೆ ನಮ್ಮ ಜೊತೆ ಹತ್ತಿದರು, ಐದು ದಿನ ವಾರ್ಡಿನಲ್ಲಿ ನಿಂತರು, ಒಬ್ಬ ಹುಡುಗ ಇಂಜೆಕ್ಷನ್ ಲೋಡ್ ಮಾಡುವಾಗ ನಾನು ಅವನ ಪಕ್ಕ ಇರಬೇಕೋ ಅಥವಾ ನಾಲ್ಕು ಮಂಚ ಆಚೆ ಕೂಗುತ್ತಿರುವವಳ ಹತ್ತಿರ ಓಡಬೇಕೋ ಅನ್ನುವುದನ್ನು ಕಣ್ಣಾರೆ ನೋಡಿದರು. ಆಮೇಲೆ ಸ್ಟಾಫ್ ರೂಮಿನ ಬೋರ್ಡಿನ ಮೇಲೆ ಎಲ್ಲರ ಗಂಟೆಗಳನ್ನೂ ಬರೆದರು. ಥಿಯರಿ, ಕ್ಲಿನಿಕಲ್, ರೆಕಾರ್ಡ್, ಹಾಸ್ಟೆಲ್, ಎಲ್ಲ ಬೇರೆ ಬೇರೆ. ನನ್ನದು ವಾರಕ್ಕೆ 61 ಗಂಟೆ ಆಯಿತು. ಅದನ್ನು ಫೋಟೋ ತೆಗೆದುಕೊಂಡು ಆಡಳಿತ ಮಂಡಳಿ ಮೀಟಿಂಗಿಗೆ ಹೋದರು. ಎರಡು ಹುದ್ದೆ ಕೇಳಿದ್ದರು, ಏಳು ತಿಂಗಳಾದ ಮೇಲೆ ಒಂದು ಸಿಕ್ಕಿತು. ಕೇರ್ ಪ್ಲಾನನ್ನು ಎರಡೆರಡು ಸಲ ಬರೆಸುವುದು ನಿಲ್ಲಿಸಿ, ರೋಗಿಯ ಮಂಚದ ಪಕ್ಕದಲ್ಲೇ ನೋಡಿ ಸಹಿ ಹಾಕಿ ಅಂದರು. ಸಂಜೆ ಏಳರ ಮೇಲೆ ಮೆಸೇಜ್ ಬಂದ್. ರಜೆ ಹಾಕಿದವರ ಕ್ಲಾಸನ್ನು ಎಷ್ಟೋ ಸಲ ತಾವೇ ತೆಗೆದುಕೊಂಡರು.

ಮಾಡಲಾಗದ್ದೂ ಇದೆ. ಅಡ್ಮಿಷನ್ ಟಾರ್ಗೆಟ್ ಹಾಗೇ ಉಳಿಯಿತು. ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ಪದ್ಧತಿಯೂ ಹೋಗಲಿಲ್ಲ, ಬಿಡುವಾಗ ನನ್ನವು ಕೈಗೆ ಬರಲು ಎರಡು ತಿಂಗಳು ಹಿಡಿಯಿತು. ಆ ಒಂದು ಸ್ಟಾರ್ ಕಮ್ಮಿಯಾಗಿದ್ದು ಇದಕ್ಕೇ.

ಯಾವ ಕಾಲೇಜಿಗೇ ಇಂಟರ್‌ವ್ಯೂಗೆ ಹೋದರೂ ಸಂಬಳ ಕೇಳುವ ಮುಂಚೆ ಈ ತಿಂಗಳ ಕ್ಲಿನಿಕಲ್ ರೋಟಾ (ಯಾರಿಗೆ ಯಾವ ವಾರ್ಡಿನ ಡ್ಯೂಟಿ ಅನ್ನುವ ಪಟ್ಟಿ) ತೋರಿಸಿ ಅನ್ನಿ. ಎರಡು ವರ್ಷದಲ್ಲಿ ಎಷ್ಟು ಟ್ಯೂಟರ್‌ಗಳು ಬಿಟ್ಟರು ಅಂತಲೂ ಕೇಳಿ, ಆಫೀಸಿನಲ್ಲಲ್ಲ, ಸ್ಟಾಫ್ ರೂಮಿನಲ್ಲಿ. ಒರಿಜಿನಲ್ ಕೇಳಿದರೆ ತೋರಿಸಿ, ಜೆರಾಕ್ಸ್ ಕೊಟ್ಟು ಅವನ್ನು ವಾಪಸ್ ಮನೆಗೆ ತನ್ನಿ.