ಚಿಕ್ಕಬಳ್ಳಾಪುರದ ಅಕ್ವೇರಿಯಂ ಅಂಗಡಿ: ಮೀನಿಗಲ್ಲ, ಮೇವಿಗಾಗಿ ಹೋಗಿ

ಬಿಳಿ ಪಟ್ಟೆಯ ಕಿತ್ತಳೆ ಬಣ್ಣದ ಸಮುದ್ರದ ಮೀನು, ಕ್ಲೌನ್ ಮೀನು, ಅದರ ಜೋಡಿ ಈಗ ಎಲ್ಲೆಡೆ ಸಿಗುತ್ತದೆ. ಬೆಂಗಳೂರಿನ ಅಂಗಡಿಗಳಲ್ಲಿದೆ, ಆಮ್ಲಜನಕ ತುಂಬಿದ ಚೀಲದಲ್ಲಿ ಕೊರಿಯರ್ ಮೂಲಕವೂ ಬರುತ್ತದೆ. ಸಿಗದಿರುವುದು ಅದರ ಮರಿಗಳಿಗೆ ಮೊದಲ ವಾರ ಹಾಕಬೇಕಾದ ಮೇವು. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯೊಂದರಲ್ಲಿ, ಬೋರ್ಡಿನ ಮೇಲೆ 'ಅಕ್ವೇರಿಯಂ' ಎಂದಷ್ಟೇ ಬರೆಸಿಕೊಂಡಿರುವ ಅಂಗಡಿಯಲ್ಲಿ ಆ ಮೇವು ಜೀವಂತವಾಗಿ ಸಿಗುತ್ತದೆ. ಶಿಡ್ಲಘಟ್ಟ ಕಡೆಯ ನಮ್ಮ ಹಳ್ಳಿಯಿಂದ ನಾನು ಅಲ್ಲಿಗೆ ಹೋಗಿಬರುವುದು ಅದಕ್ಕಾಗಿ ಮಾತ್ರ. ಉಳಿದ ವಿಷಯಗಳಲ್ಲಿ ಅಂಗಡಿ ಸಾಧಾರಣ, ಒಂದೆರಡರಲ್ಲಿ ಸಾಧಾರಣಕ್ಕಿಂತಲೂ ಕೆಳಗೆ. ಅದನ್ನೂ ಮುಚ್ಚಿಡುವುದಿಲ್ಲ.

ಮುಂಭಾಗದ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಗಪ್ಪಿ, ಗೋಲ್ಡ್ ಫಿಶ್, ಪಂಜರದಲ್ಲಿ ಲವ್ ಬರ್ಡ್ಸ್, ಉಪ್ಪಿನಕಾಯಿ ಖಾಲಿ ಮಾಡಿದ ಬಾಟಲಿಗಳಲ್ಲಿ ಒಂಟಿ ಫೈಟರ್ ಮೀನುಗಳು. ಆ ಮೀನನ್ನು ಹಾಗೆ ಇಡುವುದು ನನಗೆ ಸರಿಬರುವುದಿಲ್ಲ. ಹೇಳಿಯೂ ಇದ್ದೇನೆ, ಮಾಲೀಕರು ನಕ್ಕು ಸುಮ್ಮನಾಗುತ್ತಾರೆ.

ನೋಡಬೇಕಾದದ್ದು ಪರದೆಯ ಹಿಂದಿನ ಕೋಣೆ. ಎಡಗಡೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಸಾಲಾಗಿ ಗಾಜಿನ ತೊಟ್ಟಿಗಳು, ಒಂದೊಂದರಲ್ಲೂ ಒಂದು ಜೋಡಿ ಕ್ಲೌನ್ ಮೀನು ಮತ್ತು ಅಡ್ಡಲಾಗಿ ಮಲಗಿಸಿದ ಮಣ್ಣಿನ ಕುಂಡ. ಬಲಗಡೆ ತಿಳಿ ಹಸಿರು ನೀರಿನ ಬಕೆಟ್ಟುಗಳು. ಪ್ರತಿಯೊಂದಕ್ಕೂ ಒಂದು ಗಾಳಿಯ ಕೊಳವೆ, ಗುಳ್ಳೆ ಸಣ್ಣದಾಗಿಸುವ ಕಲ್ಲು ಸಿಕ್ಕಿಸದ ಬರಿಯ ಕೊಳವೆ. ಮೀನು ಬೇಕೆಂದು ಹೋದವರನ್ನು ಮಾಲೀಕರು ಮೊದಲು ಬಲಗಡೆಗೇ ಕರೆದೊಯ್ಯುತ್ತಾರೆ. "ಇದನ್ನು ಒಂದು ತಿಂಗಳು ಸಾಯದಂತೆ ಸಾಕಿ, ಆಮೇಲೆ ಮರಿ ಮಾಡಿಸುವ ಮಾತಾಡೋಣ" ಎನ್ನುತ್ತಾರೆ. ಈ ಮಾತು ಕೇಳಿ ಮುಖ ತಿರುಗಿಸಿಕೊಂಡು ಹೋದ ಗಿರಾಕಿಗಳನ್ನು ಕಣ್ಣಾರೆ ಕಂಡಿದ್ದೇನೆ. ನನಗೆ ಮಾತ್ರ ಅಂಗಡಿಯ ಮೇಲೆ ನಂಬಿಕೆ ಬಂದದ್ದೇ ಆ ಮಾತಿನಿಂದ.

ಬಕೆಟ್ಟಿನಲ್ಲಿರುವುದು ರೋಟಿಫರ್. ಮಿಲಿಮೀಟರಿನ ಕಾಲು ಭಾಗದ ಆಸುಪಾಸಿನ ಜೀವಿ. ಗಾಜಿನ ಲೋಟವನ್ನು ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಗಳು ಮೆಲ್ಲಗೆ ತೇಲಾಡುವುದು ಕಾಣುತ್ತದೆ. ಮೊಟ್ಟೆಯೊಡೆದು ಬಂದ ಕ್ಲೌನ್ ಮರಿ ಮೂರು-ನಾಲ್ಕು ಮಿಲಿಮೀಟರ್ ಉದ್ದವಿರುತ್ತದೆ. ಹೊಟ್ಟೆಯಲ್ಲಿ ಉಳಿದಿರುವ ಮೊಟ್ಟೆಯ ಹಳದಿ ಅಂಶ ಬೇಗನೆ ಕರಗಿಹೋಗುತ್ತದೆ. ಪುಡಿ ಆಹಾರ ಅಲುಗಾಡುವುದಿಲ್ಲವಾದ್ದರಿಂದ ಮರಿಯ ಕಣ್ಣಿಗೆ ಅದು ಆಹಾರವೇ ಅಲ್ಲ. ಬೇಟೆಯನ್ನು ಬೆನ್ನಟ್ಟುವಷ್ಟು ಶಕ್ತಿಯೂ ಇರುವುದಿಲ್ಲ. ಆದ್ದರಿಂದ ಮರಿಯ ಟಬ್ಬಿನಲ್ಲಿ ಪ್ರತಿ ಮಿಲಿಲೀಟರಿಗೆ ಹತ್ತರಷ್ಟು ರೋಟಿಫರ್ ಸದಾ ಇರುವಂತೆ ನೋಡಿಕೊಳ್ಳಬೇಕು: ಮರಿ ತಿರುಗಿದ ಕಡೆಯಲ್ಲೆಲ್ಲ ಬಾಯಿಗೆ ಎಟಕುವಂತೆ.

ಇಷ್ಟೇ ಆಗಿದ್ದರೆ ಬ್ರೆಡ್ಡಿನ ಯೀಸ್ಟ್ ಹಾಕಿ ರೋಟಿಫರ್ ಬೆಳೆಸಬಹುದು, ಅದು ಅಗ್ಗ. ಆದರೆ ಯೀಸ್ಟ್ ತಿಂದ ರೋಟಿಫರಿನಲ್ಲಿ ಸಮುದ್ರದ ಮರಿಗೆ ಬೇಕಾದ ಕೊಬ್ಬಿನಾಮ್ಲಗಳು ಇರುವುದಿಲ್ಲ. ಅಂಥ ಮೇವು ತಿಂದ ಮರಿಗಳು ಹೊಟ್ಟೆ ತುಂಬಿಕೊಂಡೇ ಸಾಯುತ್ತವೆ. ನ್ಯಾನೋಕ್ಲೋರಾಪ್ಸಿಸ್ ಎಂಬ ಸೂಕ್ಷ್ಮ ಪಾಚಿಯ ಮೇಲೆ ಬೆಳೆದ ರೋಟಿಫರ್ ಬೇಕು. ನಮ್ಮದು ಮೂರು ತಲೆಮಾರಿನಿಂದ ರೇಷ್ಮೆ ಮನೆ, ಈ ಲೆಕ್ಕ ನನಗೆ ಬೇಗ ಹತ್ತಿತು. ಚಾಕಿ ಹುಳುವಿಗೆ, ಎಂದರೆ ಮೊದಲ ಹಂತದ ಎಳೆಯ ರೇಷ್ಮೆ ಹುಳುವಿಗೆ, ತುದಿಯ ಎಳೆ ಸೊಪ್ಪನ್ನೇ ಹೆಚ್ಚಿ ಉದುರಿಸುತ್ತೇವೆ. ಆ ಹಂತದಲ್ಲಿ ಬಲಿತ ಎಲೆ ಕೊಟ್ಟರೆ ಹುಳು ಸೊರಗುತ್ತದೆ, ಎರಡನೇ ಜ್ವರ (ಪೊರೆ ಕಳಚುವ ಹಂತ) ದಾಟಿಕೊಂಡರೂ ಗೂಡು ತೂಕ ಬರುವುದಿಲ್ಲ. ಎಷ್ಟೋ ರೈತರು ಈಗ ಚಾಕಿ ಕೇಂದ್ರದಿಂದಲೇ ಹುಳು ತರುತ್ತಾರೆ. ಈ ಅಂಗಡಿಯೂ ಹಾಗೆಯೇ ಪಟ್ಟೆ ಮೂಡಿದ ಮರಿಗಳನ್ನು ಮಾರುತ್ತದೆ. ಕಷ್ಟದ ವಾರಗಳು ಬೇಡವೆನ್ನುವವರು ಅಂಥ ಮರಿ ಕೊಂಡರೆ ಸಾಕು.

ಅರ್ಧ ಲೀಟರ್ ರೋಟಿಫರ್ ಬಾಟಲಿಗೆ 400 ರೂಪಾಯಿ. ಜೊತೆಗೆ ಪಾಚಿಯ ಒಂದು ಬಾಟಲಿ ಕೊಂಡರೆ 700. ಹೆಚ್ಚೆಂದು ಕಾಣುತ್ತದೆ, ಆದರೆ ನಾನು ಹಿಂದೆ ಬೇರೊಂದು ಕಡೆಯಿಂದ ಕೊರಿಯರಿನಲ್ಲಿ ತರಿಸಿದ್ದ ಬಾಟಲಿಯನ್ನು ತೆರೆದಾಗ ಕೊಳೆತ ಮೊಟ್ಟೆಯ ವಾಸನೆ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ಇಲ್ಲಿ ಬಾಟಲಿಯ ಮೇಲೆ ಸೋಸಿದ ದಿನಾಂಕ ಇರುತ್ತದೆ, ಉಪ್ಪುನೀರಿನ ಸಾಪೇಕ್ಷ ಸಾಂದ್ರತೆ (ಸಿಹಿನೀರಿಗಿಂತ ಎಷ್ಟು ಪಟ್ಟು ಭಾರ ಎಂಬ ಲೆಕ್ಕ) 1.020 ಎಂದು ಬರೆದಿರುತ್ತದೆ, ಭೂತಗನ್ನಡಿ ಕೊಟ್ಟು ನೋಡಲು ಬಿಡುತ್ತಾರೆ. ಮೊಟ್ಟೆ ಹೊತ್ತ ಹೆಣ್ಣು ರೋಟಿಫರುಗಳು ಹೆಚ್ಚಿದ್ದರೆ ಬಕೆಟ್ ಆರೋಗ್ಯವಾಗಿದೆ ಎಂದರ್ಥ ಎಂಬುದನ್ನು ನಾನು ಕಲಿತದ್ದು ಆ ಭೂತಗನ್ನಡಿಯಲ್ಲಿಯೇ.

ಬಾಟಲಿಯ ಜೊತೆ ಒಂದು ಜೆರಾಕ್ಸ್ ಹಾಳೆ ಕೊಡುತ್ತಾರೆ, ಕೈಬರಹದ ಕನ್ನಡದಲ್ಲಿ. ಇಡೀ ಅಂಗಡಿಯಲ್ಲಿ ಅತ್ಯಂತ ಬೆಲೆಯುಳ್ಳ ವಸ್ತು ಇದೇ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ಅದರಲ್ಲಿರುವುದು ಇಷ್ಟು: ಬಕೆಟ್ಟಿನ ನೀರು ತಿಳಿ ಹಸಿರಾಗುವಷ್ಟೇ ಪಾಚಿ ಹಾಕಿ, ಹಸಿರು ಮಾಸಿದಾಗ ಮತ್ತೆ ಹಾಕಿ. ದಿನವೂ ಕಾಲು ಭಾಗ ನೀರನ್ನು 53 ಮೈಕ್ರಾನ್ ಜರಡಿಯಲ್ಲಿ ಸೋಸಿ, ಅಷ್ಟೇ ಹೊಸ ಉಪ್ಪುನೀರು ತುಂಬಿ. ನೊರೆ ಹೆಚ್ಚಾಗಿ ವಾಸನೆ ಬಂದರೆ ಬಕೆಟ್ ಮುಗಿಯಿತೆಂದು ತಿಳಿಯಿರಿ. ಆದ್ದರಿಂದ ಎರಡು ಬಕೆಟ್ ಇಡಿ, ಒಂದರ ಜರಡಿಯನ್ನು ಇನ್ನೊಂದಕ್ಕೆ ಅದ್ದಬೇಡಿ. ಇಷ್ಟು ಚೆನ್ನಾಗಿ ಬರೆದವರು ಸೊಳ್ಳೆಬತ್ತಿಯ ಬಗ್ಗೆ ಒಂದಕ್ಷರ ಬರೆದಿಲ್ಲ. ಹುಳು ಸಾಕುವವರ ಮನೆಯಲ್ಲಿ ಯಾರೂ ಬತ್ತಿ ಹಚ್ಚುವುದಿಲ್ಲ, ಉಳಿದವರಿಗೆ ಯಾರು ಹೇಳಬೇಕು? ಗಾಳಿಯ ಪಂಪು ಕೋಣೆಯ ಗಾಳಿಯನ್ನೇ, ಬತ್ತಿಯ ವಿಷದ ಹೊಗೆ ಸಮೇತ, ನೀರಿಗೆ ಊದುತ್ತದೆ. ಮುಂದಿನ ಜೆರಾಕ್ಸಿನಲ್ಲಿ ಇದನ್ನು ಸೇರಿಸಲಿ.

ಇನ್ನು ಮೀನು. 'ಗ್ಯಾರಂಟಿ ಜೋಡಿ' ಎಂದು ಹಲಗೆ ಹಾಕಿ 4,500 ರೂಪಾಯಿ ಹೇಳುತ್ತಾರೆ. ಅದನ್ನು ಕೊಳ್ಳಬೇಡಿ. ಕ್ಲೌನ್ ಮೀನುಗಳಲ್ಲಿ ಹುಟ್ಟಾ ಹೆಣ್ಣು ಎಂಬುದೇ ಇಲ್ಲ. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದಕ್ಕಿಂತ ಚಿಕ್ಕದು ಗಂಡಾಗಿ ಉಳಿಯುತ್ತದೆ. ಹೆಣ್ಣು ಸತ್ತರೆ ಗಂಡೇ ಹೆಣ್ಣಾಗುತ್ತದೆ. ಹೆಣ್ಣಾದದ್ದು ಮಾತ್ರ ಮತ್ತೆ ಗಂಡಾಗುವುದಿಲ್ಲ. ಆದ್ದರಿಂದ ಗಾತ್ರದಲ್ಲಿ ಎದ್ದು ಕಾಣುವಷ್ಟು ವ್ಯತ್ಯಾಸವಿರುವ ಎರಡು ಎಳೆಯ ಮೀನು ತಂದು ಒಟ್ಟಿಗೆ ಬಿಟ್ಟರೆ ಜೋಡಿ ತಾನಾಗಿ ಆಗುತ್ತದೆ. ಒಂದೂವರೆ ವರ್ಷವೋ ಎರಡು ವರ್ಷವೋ ಕಾಯಬೇಕು, ಅಷ್ಟೇ. ಇಲ್ಲಿಯೇ ಬೆಳೆದ ಮರಿ ಒಂದಕ್ಕೆ 450 ರೂಪಾಯಿ. ನನ್ನ ಜೋಡಿ ಹಾಗೆ ಆದದ್ದು.

ಸಮುದ್ರದಿಂದ ಹಿಡಿದ ಮೀನು ಇಡುವುದಿಲ್ಲ ಎನ್ನುವುದು ಈ ಅಂಗಡಿಯ ಮೆಚ್ಚಬೇಕಾದ ನಿಯಮ. ಹಿಡಿದು ತಂದ ಕ್ಲೌನ್ ಮೀನುಗಳು ಬ್ರೂಕ್ಲಿನೆಲ್ಲಾ ಎಂಬ ಪರಾವಲಂಬಿಯನ್ನು ಹೊತ್ತು ತಂದು, ಮೈತುಂಬ ಲೋಳೆ ಸುರಿಸಿ ಸಾಯುವುದು ಸಾಮಾನ್ಯ. ಮಾಲೀಕರು ತಮಿಳುನಾಡಿನ ಮಂಡಪಂನಲ್ಲಿರುವ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರದಲ್ಲಿ ತರಬೇತಿ ಪಡೆದವರು. ಹವಳದ ತುಂಡು ಕೇಳಿದವರಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಹೆಸರು ಹೇಳಿ ಕಳುಹಿಸುತ್ತಾರೆ, ಅದೂ ಸರಿಯೇ. ಆದರೆ ಅದೇ ಮಾಲೀಕರು ಸಮುದ್ರ ಹೂವು (ಕ್ಲೌನ್ ಮೀನು ಸಮುದ್ರದಲ್ಲಿ ಆಸರೆ ಪಡೆಯುವ ಅನಿಮೋನ್ ಎಂಬ ಪ್ರಾಣಿ) ಇಲ್ಲದೆ ಕ್ಲೌನ್ ಮೀನು ಮೊಟ್ಟೆ ಇಡುವುದಿಲ್ಲ ಎಂದು ಹೊಸಬರಿಗೆ ಅದನ್ನೂ ಕಟ್ಟಲು ನೋಡುತ್ತಾರೆ. ಅವರದೇ ತೊಟ್ಟಿಗಳಲ್ಲಿ ಕುಂಡ ಬಿಟ್ಟರೆ ಏನಿದೆ? ನನ್ನ ಮೀನುಗಳು ಮೊಟ್ಟೆ ಇಡುವುದು ಹಳೆಯ ಮಂಗಳೂರು ಹೆಂಚಿನ ತುಂಡಿನ ಮೇಲೆ.

ಹೆಂಚನ್ನು ಎರಡೂ ಮೀನು ಬಾಯಿಂದ ಉಜ್ಜಿ ಉಜ್ಜಿ ಹಸನು ಮಾಡಿದರೆ ಒಂದೆರಡು ದಿನದಲ್ಲಿ ಮೊಟ್ಟೆ ಎಂದು ತಿಳಿಯಬೇಕು. ಮೊಟ್ಟೆಗಳು ಮೊದಲು ಹೊಳೆಯುವ ಕಿತ್ತಳೆ ಬಣ್ಣ, ಆಮೇಲೆ ಕಂದು, ಕೊನೆಗೆ ಒಳಗಿನಿಂದ ಬೆಳ್ಳಿಯ ಕಣ್ಣುಗಳು. ಅಷ್ಟೂ ದಿನ ಗಂಡು ರೆಕ್ಕೆಯಿಂದ ಗಾಳಿ ಹಾಕುತ್ತಾ, ಕೆಟ್ಟ ಮೊಟ್ಟೆಯನ್ನು ಆರಿಸಿ ತಿನ್ನುತ್ತಾ ಕಾವಲಿರುತ್ತದೆ. ಹೆಣ್ಣು ಆಗಾಗ ಬಂದು ನೋಡಿಹೋಗುತ್ತದೆ. ಇದನ್ನು ಕಂಡ ನಮ್ಮ ಅತ್ತೆಯವರು ಆ ಹೆಣ್ಣು ಮೀನನ್ನು 'ಗೌಡಿತಿ' ಎಂದೇ ಕರೆಯುತ್ತಾರೆ. 27 ಡಿಗ್ರಿ ಆಸುಪಾಸಿನ ನೀರಿನಲ್ಲಿ ಎಂಟೊಂಬತ್ತನೇ ರಾತ್ರಿ, ದೀಪ ಆರಿಸಿದ ಒಂದೆರಡು ಗಂಟೆಯಲ್ಲಿ ಮರಿಗಳು ಹೊರಬರುತ್ತವೆ. ಆ ಸಂಜೆ ಹೆಂಚನ್ನು ಕಪ್ಪು ಟಬ್ಬಿಗೆ ಬದಲಾಯಿಸಿ, ಗಂಡಿನ ರೆಕ್ಕೆಯ ಕೆಲಸವನ್ನು ಗಾಳಿಯ ಗುಳ್ಳೆಗಳಿಗೆ ವಹಿಸಬೇಕು. ಕತ್ತಲೆ ಪೂರ್ತಿ ಇರಬೇಕು. ನಮ್ಮ ಕಡೆ ಕರೆಂಟು ಹೋಗುವುದು ಸಾಮಾನ್ಯವಾದ್ದರಿಂದ ಬ್ಯಾಟರಿಯ ಗಾಳಿ ಪಂಪು ಇಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು. ಅಂಗಡಿಯಲ್ಲಿ 900 ರೂಪಾಯಿಗೆ ಸಿಗುವ ಪಂಪು ಸದ್ದು ಹೆಚ್ಚು ಮಾಡುತ್ತದೆ, ಆದರೆ ರಾತ್ರಿಯಿಡೀ ಓಡುತ್ತದೆ.

ಪಟ್ಟೆ ಮೂಡುವ ಹೊತ್ತಿಗೆ ಉಳಿಯುವ ಮರಿ ಎಷ್ಟು ಎಂಬುದು ಬಹುಪಾಲು ಅಮೋನಿಯಾದ ಕೈಯಲ್ಲಿದೆ. ಸಣ್ಣ ಟಬ್ಬು, ದಟ್ಟ ಮೇವು, ಕೆಳಗೆ ಕೂತು ಕೊಳೆತು ಅಮೋನಿಯಾ ಬಿಡುವ ಕಸ. ದಿನವೂ ತೆಳು ಕೊಳವೆಯಲ್ಲಿ ತಳ ಹೀರಿ, ಹನಿ ಹನಿಯಾಗಿ ಹೊಸ ನೀರು ಬಿಡಬೇಕು. ಇಲ್ಲಿ ಅಂಗಡಿಯ ಇನ್ನೊಂದು ಸೇವೆ ಕೆಲಸಕ್ಕೆ ಬರುತ್ತದೆ. ನಮ್ಮ ಕೊಳವೆಬಾವಿಯ ನೀರು ಗಡಸು, ಫ್ಲೋರೈಡ್ ಬೇರೆ. ಅದಕ್ಕೆ ಉಪ್ಪು ಬೆರೆಸಿದರೆ ಸಮುದ್ರದ ನೀರಾಗುವುದಿಲ್ಲ. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರೂ ಪೂರ್ತಿ ಸಾಲದು, ಮೀಟರ್ ಅದ್ದಿದರೆ ಕರಗಿದ ಲವಣ ತೋರಿಸುತ್ತದೆ. ಅಂಗಡಿಯವರು ಆರ್‌ಒ ನಂತರ ಉಳಿದ ಲವಣ ಹಿಡಿಯುವ ರಾಳದ ಮೂಲಕವೂ ಹಾಯಿಸಿದ ನೀರನ್ನು 20 ಲೀಟರಿಗೆ 60 ರೂಪಾಯಿಗೆ ಕೊಡುತ್ತಾರೆ, ಕಣ್ಣೆದುರೇ ಮೀಟರ್ ಅದ್ದಿ ಸೊನ್ನೆ ತೋರಿಸುತ್ತಾರೆ. ಉಪ್ಪನ್ನು ಮಾತ್ರ ಅಲ್ಲಿ ಬಿಡಿಯಾಗಿ ಕೊಳ್ಳಬೇಡಿ. ದೊಡ್ಡ ಬಕೆಟ್ಟಿನಿಂದ ತೆಗೆದು ಹೆಸರಿಲ್ಲದ ಚೀಲದಲ್ಲಿ ಕಟ್ಟಿಡುತ್ತಾರೆ, ಮಳೆಗಾಲದಲ್ಲಿ ಅದು ಗಟ್ಟಿಯಾಗಿರುತ್ತದೆ. ಮುದ್ರೆ ಒಡೆಯದ ಡಬ್ಬಿಯನ್ನೇ ಕೇಳಿ ತೆಗೆದುಕೊಳ್ಳಿ.

ಅದೇ ದೂರು ಆರ್ಟೀಮಿಯಾ ಎಂಬ ಸೀಗಡಿಯಂಥ ಸಣ್ಣ ಉಪ್ಪುನೀರಿನ ಜೀವಿಯ ಮೊಟ್ಟೆಯ ಬಗ್ಗೆಯೂ. ವಾರದ ನಂತರ ಮರಿಗಳನ್ನು ರೋಟಿಫರಿನಿಂದ ಮೆಲ್ಲಗೆ ಹೊಸದಾಗಿ ಒಡೆದ ಆರ್ಟೀಮಿಯಾ ಮರಿಗಳಿಗೆ ದಾಟಿಸಬೇಕು. ಅಂಗಡಿಯ ಬಿಡಿ ಪೊಟ್ಟಣದಲ್ಲಿ ಅರ್ಧಕ್ಕಿಂತ ಹೆಚ್ಚು ಮೊಟ್ಟೆ ಒಡೆಯಲೇ ಇಲ್ಲ. ಒಡೆಯದ ಚಿಪ್ಪು ಮರಿಯ ಹೊಟ್ಟೆಗೆ ಹೋದರೆ ಕರುಳು ಕಟ್ಟುತ್ತದೆ, ಆದ್ದರಿಂದ ಇದು ಬರಿಯ ದುಡ್ಡಿನ ನಷ್ಟವಲ್ಲ. ಹೇಳಿದಾಗ ಮಾಲೀಕರು ವಾದ ಮಾಡದೆ ಬೇರೆ ಪೊಟ್ಟಣ ಕೊಟ್ಟರು; ಅದೂ ಅಷ್ಟೇ ಆಗಿತ್ತು. ಈಗ ಆರ್ಟೀಮಿಯಾವನ್ನು ಮುದ್ರೆಯ ಡಬ್ಬಿಯಲ್ಲಿ ಬೆಂಗಳೂರಿನಿಂದ ತರಿಸುತ್ತೇನೆ.

ಮರಿ ದೊಡ್ಡದಾದ ಮೇಲೆ ಅಂಗಡಿಯವರೇ ಕೊಳ್ಳುತ್ತಾರೆ, ಮೂರು ಪಟ್ಟೆ ಪೂರ್ತಿ ಇದ್ದರೆ 150, ನಡುವಿನ ಪಟ್ಟೆ ಅರ್ಧಕ್ಕೆ ನಿಂತಿದ್ದರೆ 60. ಅರ್ಧ ಪಟ್ಟೆಯದನ್ನೇ ಅಪರೂಪದ ತಳಿಯೆಂದು 600ಕ್ಕೆ ಮಾರಿದ್ದನ್ನು ನೋಡಿದೆ, ಅಂದಿನಿಂದ ಅಂಥವನ್ನು ಕೊಡುವುದಿಲ್ಲ. ಗೂಡು ಮಾರುಕಟ್ಟೆಯ ಹರಾಜು ನೋಡಿ ಬೆಳೆದವಳಿಗೆ ಈ ವ್ಯಾಪಾರ ಹೊಸದಲ್ಲ. ಅತ್ತೆಯವರ ಪ್ರಶ್ನೆ ಮಾತ್ರ ಹಾಗೆಯೇ ಇದೆ: ಹುಳು ಸಾಕಿದರೆ ಗೂಡು ಬರುತ್ತದೆ, ಇದನ್ನು ಸಾಕಿದರೆ ಏನು ಬರುತ್ತದೆ? ಉಪ್ಪು, ನೀರು, ಕರೆಂಟು ಕಳೆದರೆ ನಿಜಕ್ಕೂ ಹೆಚ್ಚೇನೂ ಬರುವುದಿಲ್ಲ.

ಐದರಲ್ಲಿ ಅಂಕ ಕೊಡುವುದಾದರೆ ರೋಟಿಫರ್ ಮತ್ತು ನೀರಿಗೆ ಐದು, ಮರಿಗಳಿಗೆ ನಾಲ್ಕು, ಬಿಡಿ ಸಾಮಾನಿಗೆ ಒಂದು. ಬಿಲ್ಲು ಕೇಳದೆ ಕೊಡುವುದಿಲ್ಲ, ಕೇಳಿ. ಮಂಗಳವಾರ ಬಾಗಿಲು ಹಾಕಿರುತ್ತದೆ. ರೋಟಿಫರ್ ಸೋಸುವುದು ಬೆಳಿಗ್ಗೆ, ಹತ್ತು ಗಂಟೆಯೊಳಗೆ ಹೋದರೆ ಅಂದಿನದೇ ಸಿಗುತ್ತದೆ. ಬೇಸಿಗೆಯಲ್ಲಿ ಬಾಟಲಿಯನ್ನು ಬೈಕಿನ ಡಿಕ್ಕಿಯಲ್ಲಿ ಇಡಬೇಡಿ, ಒದ್ದೆ ಬಟ್ಟೆ ಸುತ್ತಿ ಚೀಲದಲ್ಲಿ ಹಿಡಿದುಕೊಳ್ಳಿ. ನೀರಿನ ಕ್ಯಾನ್ ನೀವೇ ಒಯ್ಯಬೇಕು. ಅವರ ಕ್ಯಾನಿಗೆ 200 ರೂಪಾಯಿ ಠೇವಣಿ.